ಎಡಿಟರ್‌ನಲ್ಲೇ ಜಪಾನಿ ಟೈಪಿಂಗ್

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಟೋಕಿಯೊದ ನಿಶಿಕಸಾಯ್‌ನಲ್ಲಿರುವ ಪ್ರೋಗ್ರಾಮರ್. ಕೋಡ್ ಬರೆಯೋದು ಈಮ್ಯಾಕ್ಸ್ ಅನ್ನೋ ಎಡಿಟರ್‌ನಲ್ಲಿ. ಆಫೀಸಿನಲ್ಲಿ ಕಾಮೆಂಟ್‌ಗಳೆಲ್ಲ ಜಪಾನಿಯಲ್ಲೇ ಇರಬೇಕು. ವಿಂಡೋಸ್‌ನ ಜಪಾನಿ ಕೀಬೋರ್ಡ್ ಆನ್ ಮಾಡಿದರೆ ಎಡಿಟರ್‌ನ ಶಾರ್ಟ್‌ಕಟ್‌ಗಳು ಕೈಕೊಡುತ್ತವೆ. ಏನು ಮಾಡಲಿ? ಕನ್ನಡವನ್ನು ಬರಹ, ನುಡಿಯಲ್ಲಿ ಟೈಪ್ ಮಾಡಿ ಅಭ್ಯಾಸವಿದೆ.
– ಒಬ್ಬ ಓದುಗ, ಟೋಕಿಯೊ

ಉತ್ತರ: ಕಾವಾಸಾಕಿಯಲ್ಲಿ ಕೆಲಸಕ್ಕಿದ್ದಾಗ ನಾನೂ ಇದೇ ಪಾಡು ಪಟ್ಟಿದ್ದೇನೆ. ನೀವು ಒತ್ತಿದ ಕೀ ಮೊದಲು ವಿಂಡೋಸ್ ಕೈಗೆ ಹೋಗುತ್ತದೆ, ಆಮೇಲೆ ಎಡಿಟರ್‌ಗೆ. ಕಂಟ್ರೋಲ್-ಎಕ್ಸ್ ಆದಮೇಲೆ ಬಿ ಒತ್ತಿದರೆ, ಆ ಬಿ ಹಿರಗಾನದ (ಉಚ್ಚಾರದಂತೆ ಬರೆಯುವ ಜಪಾನಿ ಅಕ್ಷರಗಳ) ಪಾಲಾಗುತ್ತದೆ. ಅದಕ್ಕೇ ಜಪಾನಿ ಟೈಪಿಂಗ್ ಕೆಲಸವನ್ನು ಎಡಿಟರ್‌ಗೇ ಒಪ್ಪಿಸಿ. ಜಪಾನಿನ ತ್ಸುಕುಬದ ಸಂಶೋಧಕರು ಕಟ್ಟಿದ, ಹಲವು ಭಾಷೆಗಳಲ್ಲಿ ಬರೆಯಲು ನೆರವಾಗುವ ಮ್ಯೂಲ್ 1997ರಲ್ಲಿ, 20ನೇ ಆವೃತ್ತಿಯ ಹೊತ್ತಿಗೆ, ಈಮ್ಯಾಕ್ಸ್ ಒಳಗೇ ಸೇರಿಹೋಗಿದೆ. ಹಾಗಾಗಿ ಹೊಸದೇನನ್ನೂ ಹಾಕಿಕೊಳ್ಳದೆ ಶುರು ಮಾಡಬಹುದು.

ವಿಂಡೋಸ್ ಕೀಬೋರ್ಡ್ ಇಂಗ್ಲಿಷ್‌ನಲ್ಲೇ ಇರಲಿ. ಕಂಟ್ರೋಲ್ ಹಿಡಿದು ಬ್ಯಾಕ್‌ಸ್ಲ್ಯಾಷ್ ಒತ್ತಿ. ಜಪಾನಿ ಕೀಬೋರ್ಡಾದರೆ ಅದು ಯೆನ್ ಗುರುತಿನ ಕೀ. ಯಾವ ವಿಧಾನ ಬೇಕು ಅಂತ ಕೇಳಿದಾಗ 'ಜಪಾನೀಸ್' ಎಂದು ಇಂಗ್ಲಿಷ್ ಸಣ್ಣಕ್ಷರದಲ್ಲಿ ಕೊಡಿ. ಈಗ ಇಂಗ್ಲಿಷ್ ಅಕ್ಷರಗಳಲ್ಲೇ 'ಹಶಿ' ಟೈಪ್ ಮಾಡಿ ಸ್ಪೇಸ್ ಒತ್ತಿ. ಸೇತುವೆ, ಊಟದ ಕಡ್ಡಿ, ಅಂಚು, ಈ ಮೂರಕ್ಕೂ ಉಚ್ಚಾರ 'ಹಶಿ'ಯೇ, ಅಕ್ಷರ ಮಾತ್ರ ಬೇರೆ. ಬೇಕಾದ್ದು ಬರುವ ತನಕ ಸ್ಪೇಸ್, ಬಂದಮೇಲೆ ಎಂಟರ್. ಎನ್ ಆದಮೇಲೆ ಸ್ವರ ಬಂದರೆ ಮಾತ್ರ ಹುಷಾರು. 'ಕಿನೆನ್' ಅಂದರೆ ಸ್ಮರಣೆ. ಅದೇ ಮೊದಲ ಎನ್ ಆದಮೇಲೆ ಒಂದು ಅಪಾಸ್ಟ್ರಫಿ ಹಾಕಿದರೆ 'ಕಿನ್-ಎನ್', ಅಂದರೆ ಸಿಗರೇಟು ಸೇದಬಾರದು ಅಂತ!

ದಿನವಿಡೀ ಬರೆಯುವವರಿಗೆ ನಾನು ಹೇಳೋದು ಎಸ್‌ಕೆಕೆ ಅನ್ನೋ ಇನ್ನೊಂದು ಜಪಾನಿ ಟೈಪಿಂಗ್ ವಿಧಾನ. ಸಾತೊ ಮಸಾಹಿಕೊ 1987ರಲ್ಲಿ ಶುರು ಮಾಡಿದ್ದು. ಇವತ್ತು ಬಳಕೆಯಲ್ಲಿರುವ ರೂಪ ಡಿಡಿಎಸ್‌ಕೆಕೆ, ಈಮ್ಯಾಕ್ಸ್ ಪ್ಯಾಕೇಜ್‌ಗಳ ಭಂಡಾರವಾದ ಮೆಲ್ಪಾದಲ್ಲಿ ಸಿಗುತ್ತದೆ. ನಿಘಂಟುಗಳನ್ನು 'ಎಸ್‌ಕೆಕೆ-ಗೆಟ್' ಆಜ್ಞೆಯಿಂದ ಇಳಿಸಿಕೊಳ್ಳಿ. ಎಸ್‌ಕೆಕೆ ತೆರೆಯಲು ಕಂಟ್ರೋಲ್-ಎಕ್ಸ್ ಕಂಟ್ರೋಲ್-ಜೆ ಕೊಡುವುದು ರೂಢಿ. ಆದರೆ ಈಮ್ಯಾಕ್ಸ್‌ನ 28ನೇ ಆವೃತ್ತಿಯಿಂದ ಅದೇ ಕೀಗೆ ಫೈಲ್‌ಗಳ ಪಟ್ಟಿ ತೋರಿಸುವ ಡೈರೆಡ್ ಕೂತಿದೆ, ಕಾನ್ಫಿಗ್‌ನಲ್ಲಿ ನೀವೇ ಬದಲಿಸಬೇಕು.

ಕಾಂಜಿ (ಚೀನಿ ಮೂಲದ ಅಕ್ಷರ) ಎಲ್ಲಿ ಶುರು ಅಂತ ಇಲ್ಲಿ ನೀವೇ ದೊಡ್ಡಕ್ಷರದಿಂದ ಹೇಳಬೇಕು. 'ಉಗೊಕು' ಅಂದರೆ ಚಲಿಸು. ಅದರ ಯು ದೊಡ್ಡದು (ಕಾಂಜಿ ಶುರು), ಕೆ ದೊಡ್ಡದು (ಹಿರಗಾನ ಶುರು), ಉಳಿದದ್ದು ಸಣ್ಣದು. 'ಕು' ಮುಗಿದ ತಕ್ಷಣ ಕಾಂಜಿ ಬಂದುಬಿಡುತ್ತದೆ, ಸ್ಪೇಸ್ ಕೂಡ ಬೇಡ. ಯಂತ್ರ ಊಹೆ ಮಾಡೋದಿಲ್ಲ. ಕಾಂಜಿ ಎಲ್ಲಿಗೆ ಮುಗಿದು ಹಿರಗಾನ ಎಲ್ಲಿಂದ ಅನ್ನೋದು ನಿಮಗೇ ಗೊತ್ತಿರಬೇಕು. ನನ್ನ ಜಪಾನಿ ಸುಧಾರಿಸಿದ್ದೇ ಇದರಿಂದ.

ನಿಮ್ಮ ಬರಹ, ನುಡಿಯ ಅಭ್ಯಾಸ ತೊಂದರೆ ಕೊಡೋದೂ ಇಲ್ಲೇ. ನಮ್ಮ ಬೆರಳಿಗೆ ದೊಡ್ಡ ಎಲ್ ಅಂದರೆ ಳ ಅಲ್ವಾ? ಎಸ್‌ಕೆಕೆಯಲ್ಲಿ ಅದನ್ನು ಒತ್ತಿದರೆ ಕಾಂಜಿಯಷ್ಟೇ ಅಗಲದ ಇಂಗ್ಲಿಷ್ ಅಕ್ಷರಗಳ ಸ್ಥಿತಿಗೆ ಹೋಗಿಬಿಡುತ್ತೀರಿ. ಆಗ ಸ್ಪೇಸ್ ಕೂಡ ಅಗಲವಾಗಿಯೇ ಬೀಳುತ್ತದೆ. ಅಂಥ ಒಂದೇ ಒಂದು ಸ್ಪೇಸ್ ಕೋಡ್ ಒಳಗೆ ಬಿದ್ದು ನನ್ನ ಅರ್ಧ ದಿನ ಹೋಗಿತ್ತು. ಸಾಲು ಕಣ್ಣಿಗೆ ಸರಿಯಾಗೇ ಕಾಣುತ್ತಿತ್ತು, ಕಂಪೈಲ್ ಮಾತ್ರ ಆಗುತ್ತಿರಲಿಲ್ಲ. ಕಂಟ್ರೋಲ್-ಜೆ ಒತ್ತಿದರೆ ಮತ್ತೆ ಹಿರಗಾನಕ್ಕೆ ಬರುತ್ತೀರಿ. ಅನುಮಾನ ಬಂದರೆ 'ಹೈಲೈಟ್-ರೆಜೆಕ್ಸ್‌ಪ್' ಆಜ್ಞೆಗೆ ಒಂದು ಅಗಲ ಸ್ಪೇಸ್ ಕೊಡಿ. ಅಡಗಿರೋದೆಲ್ಲ ಬಣ್ಣದಲ್ಲಿ ಎದ್ದು ಕಾಣುತ್ತದೆ.

ಫಾಂಟ್ ಜಪಾನಿಯದ್ದೇ ಇರಲಿ. ಯೂನಿಕೋಡ್‌ನಲ್ಲಿ ಚೀನಿ, ಜಪಾನಿ ಎರಡರಲ್ಲೂ ಇರುವ ಎಷ್ಟೋ ಅಕ್ಷರಗಳಿಗೆ ಒಂದೇ ಸಂಕೇತ. ಚೀನಿ ಫಾಂಟ್ ಇದ್ದರೆ 'ಮೂಳೆ' ಎಂಬ ಅರ್ಥದ ಕಾಂಜಿಯಂಥ ಅಕ್ಷರಗಳ ಆಕಾರವೇ ಬದಲಾಗುತ್ತದೆ.

ಸಹೋದ್ಯೋಗಿಗಳ ಹೆಸರನ್ನು ಮೊದಲ ವಾರವೇ ನಿಘಂಟಿಗೆ ಸೇರಿಸಿ. ವಾತಾನಾಬೆ ಅನ್ನೋ ಒಂದೇ ಹೆಸರಿನ 'ಬೆ'ಯನ್ನು ಬೇರೆ ಬೇರೆ ಮನೆಯವರು ಬೇರೆ ಬೇರೆ ಕಾಂಜಿಯಲ್ಲಿ ಬರೆಯುತ್ತಾರೆ. ಪದ ಸಿಗದಿದ್ದರೆ ಎಸ್‌ಕೆಕೆ ತಾನೇ ಕೆಳಗಿನ ಸಾಲಿನಲ್ಲಿ ಜಾಗ ಬಿಚ್ಚಿ ಕೇಳುತ್ತದೆ. ಅವರ ವಿಸಿಟಿಂಗ್ ಕಾರ್ಡ್ ಪಕ್ಕದಲ್ಲಿಟ್ಟುಕೊಂಡು ನೋಡಿ ತುಂಬಿ.