ಹಿಮ ಕಾಣದ ಊರಿನಿಂದ ಸ್ಕೀ ಮಾಷ್ಟ್ರು

ಪ್ರಶ್ನೆ: ಮಗ ಬಿಪಿಎಡ್ (ದೈಹಿಕ ಶಿಕ್ಷಣದ ಪದವಿ) ಮುಗಿಸಿದ್ದಾನೆ. ಗೆಳೆಯರ ಜೊತೆ ಮನಾಲಿ ಹತ್ತಿರದ ಸೋಲಂಗ್‌ಗೆ ಹೋಗಿ ಬಂದ ಮೇಲೆ ಸ್ಕೀ ಇನ್‌ಸ್ಟ್ರಕ್ಟರ್ ಆಗುತ್ತೇನೆ ಅಂತ ಒಂದೇ ಹಟ. ನಮ್ಮಲ್ಲಿ ಆಲಿಕಲ್ಲು ಬಿದ್ದರೇ ದೊಡ್ಡ ಸುದ್ದಿ. ಇಲ್ಲಿಯವನಿಗೆ ಅದು ಸಾಧ್ಯವಾ? ಒಳ್ಳೆಯ ಇನ್‌ಸ್ಟ್ರಕ್ಟರಿಗೆ ಏನು ಗುಣ ಬೇಕು?
– ಒಬ್ಬ ತಂದೆ, ಬದಿಯಡ್ಕ

ಉತ್ತರ: ಸಾಧ್ಯ. ನಾನು ಪೆರ್ಲದವನು. ಸೈನ್ಯ ಸೇರುವ ತನಕ ಹಿಮವನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದೆ. ಗುಲ್ಮಾರ್ಗ್‌ನಲ್ಲಿ ಕಲಿತೆ, ಆಮೇಲೆ ಹೊಸ ಜವಾನರಿಗೆ ಕಲಿಸಿದೆ. ಹಿಮದಲ್ಲೇ ಹುಟ್ಟಿ ಬೆಳೆದ ಹುಡುಗರು ನನಗಿಂತ ಎಷ್ಟೋ ಚೆಂದ ಸ್ಕೀ ಮಾಡುತ್ತಿದ್ದರು. ಆದರೆ ಯಕ್ಷಗಾನದಲ್ಲಿ ದಿಗಿಣ ಹಾರುವ ವೇಷಧಾರಿಗಳೆಲ್ಲ ನಾಟ್ಯ ಹೇಳಿಕೊಡುತ್ತಾರಾ? ಇಲ್ಲೂ ಹಾಗೆಯೇ. ದೊಡ್ಡವನಾದ ಮೇಲೆ ಹೆದರಿ ಹೆದರಿ ಕಲಿತವನಿಗೆ ಒಂದು ಲಾಭ ಇದೆ. ಎದುರಿಗಿರುವವನ ಮೈಯಲ್ಲಿ ಹೆದರಿಕೆ ಎಲ್ಲಿ ಕೂತಿದೆ ಅಂತ ಅವನಿಗೆ ಬೇಗ ಗೊತ್ತಾಗುತ್ತದೆ. ನನ್ನ ಲೆಕ್ಕದಲ್ಲಿ ಅದೇ ಮೊದಲ ಗುಣ.

ಹೊಸಬ ಇಳಿಜಾರು ನೋಡಿದ ಕೂಡಲೇ ಹಿಂದಕ್ಕೆ ವಾಲುತ್ತಾನೆ. ಬೆಟ್ಟಕ್ಕೆ ಒರಗಿದರೆ ಬಚಾವ್ ಅಂತ ಮೈಗೆ ಅನಿಸುತ್ತದೆ. ಆಗುವುದು ಉಲ್ಟಾ. ಭಾರವೆಲ್ಲ ಸ್ಕೀಯ, ಅಂದರೆ ಕಾಲಿಗೆ ಕಟ್ಟಿದ ಉದ್ದ ಪಟ್ಟಿಯ, ಹಿಂದಿನ ತುದಿಗೆ ಹೋಗಿ ಮುಂದಿನ ತುದಿ ಹಗುರವಾಗುತ್ತದೆ. ತಿರುಗಿಸಿದರೆ ತಿರುಗುವುದಿಲ್ಲ, ವೇಗ ಮಾತ್ರ ಏರುತ್ತದೆ. ಸಾಧಾರಣ ಉಸ್ತಾದ್ ಆಗ "ಮುಂದೆ ಬಾಗು, ಮುಂದೆ ಬಾಗು" ಅಂತ ಬೊಬ್ಬೆ ಹಾಕುತ್ತಾನೆ. ಹುಡುಗ ಸೊಂಟ ಬಗ್ಗಿಸುತ್ತಾನೆ, ಕುಂಡೆ ಇನ್ನೂ ಹಿಂದೆ ಹೋಗುತ್ತದೆ! ಒಳ್ಳೆಯವನು "ಮೊಣಕಾಲ ಕೆಳಗಿನ ಎಲುಬನ್ನು ಬೂಟಿನ ನಾಲಗೆಗೆ ಒತ್ತಿ ಹಿಡಿ" ಅನ್ನುತ್ತಾನೆ, ಅಷ್ಟೇ. ಇಲ್ಲದಿದ್ದರೆ ಏನೂ ಹೇಳದೆ ಇನ್ನೂ ಸಪಾಟಾದ ಜಾಗಕ್ಕೆ ಕರೆದುಕೊಂಡು ಹೋಗುತ್ತಾನೆ. ಕೆಳಗೆ ಸ್ಕೀ ತಾನಾಗಿ ನಿಲ್ಲುವಷ್ಟು ಸಮತಟ್ಟು ಕಂಡರೆ ಹೊಸಬನ ಮೈ ಸಡಿಲಾಗುತ್ತದೆ. ಜಾಗ ಆರಿಸಲು ಗೊತ್ತಿದ್ದವನಿಗೆ ಅರ್ಧ ಪಾಠ ಬಂದ ಹಾಗೆ.

ನನಗೆ ಕಲಿಸಿದವರು ಒಬ್ಬ ಗಢವಾಲಿ ಉಸ್ತಾದ್. ಜಾಸ್ತಿ ಮಾತಿಲ್ಲ. ಬೆಳಿಗ್ಗೆ ಹಿಮದಲ್ಲಿ ಮಂಡಿಯೂರಿ ಒಬ್ಬೊಬ್ಬರ ಬೂಟಿಗೂ ಕೈ ಹಾಕುತ್ತಿದ್ದರು. ಚಳಿ ಅಂತ ಎರಡು ಜೊತೆ ಕಾಲುಚೀಲ ಹಾಕಿದವನದ್ದು ಒಂದು ಬಿಚ್ಚಿಸುತ್ತಿದ್ದರು, ಯಾಕೆಂದರೆ ಬೂಟು ಬಿಗಿಯಾದರೆ ರಕ್ತ ಓಡದೆ ಕಾಲು ಇನ್ನೂ ತಣ್ಣಗಾಗುತ್ತದೆ. ಒಳಗೆ ಸಿಕ್ಕಿಕೊಂಡ ಪ್ಯಾಂಟಿನ ಮಡಿಕೆಯನ್ನು ಎಳೆದು ಹೊರಗೆ ಹಾಕುತ್ತಿದ್ದರು. ನೆಟ್ಟಗೆ ನಿಂತಾಗ ಬೆರಳು ಬೂಟಿನ ತುದಿಗೆ ತಾಗಬೇಕು, ಮಂಡಿ ಮಡಚಿದಾಗ ಸ್ವಲ್ಪ ಹಿಂದೆ ಸರಿಯಬೇಕು. ಇದನ್ನು ಕೇಳಿಯೇ ಮುಂದಿನವನ ಹತ್ತಿರ ಹೋಗುತ್ತಿದ್ದರು. ಒಂದು ಇಳಿತಕ್ಕೆ ಒಂದೇ ತಪ್ಪು ಹೇಳುತ್ತಿದ್ದರು, ಅವರ ಕಣ್ಣಿಗೆ ಐದು ಬಿದ್ದಿದ್ದರೂ.

ಕೋರ್ಸ್ ವಿಷಯ. ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಪರ್ವತಾರೋಹಣ ಸಂಸ್ಥೆ, ಗುಲ್ಮಾರ್ಗ್‌ನ ಸರಕಾರಿ ಸ್ಕೀಯಿಂಗ್ ಸಂಸ್ಥೆ, ಉತ್ತರಾಖಂಡದ ಔಲಿ, ಈ ಮೂರೂ ಕಡೆ ಕಲಿಸುತ್ತಾರೆ. ಬೇಸಿಕ್‌ನಿಂದ ಶುರು ಮಾಡಿ ಮೇಲೆ ಹೋಗಬೇಕು. ಹಿಂದಿ ಬೇಕೇ ಬೇಕು. ಹಿಮದ ಕೆಲಸ ಡಿಸೆಂಬರಿನಿಂದ ಮಾರ್ಚ್ ತನಕ. ಉಳಿದ ತಿಂಗಳು ಏನು ಮಾಡುತ್ತಾನೆ ಅಂತ ಈಗಲೇ ಕೂತು ಮಾತಾಡಿ. ಬಿಪಿಎಡ್ ಕೈಯಲ್ಲಿದೆಯಲ್ಲ, ಅದನ್ನು ಬಿಡುವುದು ಬೇಡ. ಹಿಮ ಇಲ್ಲದ ಊರು ಅನ್ನುವುದು ಮಾತ್ರ ನೆಪ ಆಗಬಾರದು. ಕೊಡಗಿನ ಭವಾನಿ ತೆಕ್ಕಡ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ದೇಶಕ್ಕೇ ಹೆಸರು ತಂದವರು. ಕೊಡಗಿನಲ್ಲೇನು ಹಿಮ ಬೀಳುತ್ತದಾ?

ಪ್ರಶ್ನೆ: ಫೆಬ್ರವರಿಯಲ್ಲಿ ಮಕ್ಕಳ ಜೊತೆ ಗುಲ್ಮಾರ್ಗ್‌ಗೆ ಹೋಗುತ್ತಿದ್ದೇವೆ. ಕಾರಿನಿಂದ ಇಳಿಯುವ ಮೊದಲೇ "ಗೈಡ್ ಬೇಕಾ, ಸ್ಕೀ ಬೇಕಾ" ಅಂತ ಮುತ್ತಿಕೊಳ್ಳುತ್ತಾರಂತೆ. ಒಳ್ಳೆಯವನನ್ನು ಗುರುತಿಸುವುದು ಹೇಗೆ?
– ಒಬ್ಬ ಗೃಹಿಣಿ, ಕುಂಬಳೆ

ಉತ್ತರ: ಮಗುವಿನ ತೂಕ ಕೇಳುತ್ತಾನಾ ನೋಡಿ. ಸ್ಕೀಗೆ ಬೂಟನ್ನು ಹಿಡಿಯುವ ಬೈಂಡಿಂಗ್ ಎಷ್ಟು ಬಿಗಿ ಇರಬೇಕು ಅನ್ನುವುದು ತೂಕ, ಎತ್ತರ, ವಯಸ್ಸು, ಬೂಟಿನ ಅಳತೆ ಎಲ್ಲದರ ಮೇಲೆ ನಿಂತಿದೆ. ದೊಡ್ಡವರ ಲೆಕ್ಕದಲ್ಲಿ ಬಿಗಿದರೆ ಮಗು ಬಿದ್ದಾಗ ಸ್ಕೀ ಕಳಚುವುದಿಲ್ಲ, ಮಂಡಿ ತಿರುಚಿಕೊಳ್ಳುತ್ತದೆ. ಕೇಳದೆ ಸುಮ್ನೆ ಹಾಕಿಕೊಟ್ಟರೆ ಬೇರೆಯವನನ್ನು ನೋಡಿ.

ಬೀಳುವುದು, ಏಳುವುದು, ಸ್ಕೀಯ ಮುಂದಿನ ತುದಿ ಕೂಡಿಸಿ ಹಿಂದಿನದ್ದು ಅಗಲಿಸಿ ನಿಲ್ಲುವುದು, ಇಷ್ಟು ಮೊದಲು ಕಲಿಸಬೇಕು. ಮೊದಲ ದಿನವೇ ಗೊಂಡೋಲದ (ಅಲ್ಲಿಯ ಕೇಬಲ್ ಕಾರ್) ಎರಡನೇ ಹಂತಕ್ಕೆ ಹೋಗೋಣ ಅಂದವನನ್ನು ಅಲ್ಲೇ ಬಿಡಿ. ಗುಲ್ಮಾರ್ಗ್ ಇರುವುದೇ ಸುಮಾರು 2,650 ಮೀಟರ್ ಎತ್ತರದಲ್ಲಿ. ಗೊಂಡೋಲ ಅಲ್ಲಿಂದ 3,900 ಮೀಟರ್ ಎತ್ತರ ದಾಟಿಸುತ್ತದೆ. ಫೋಟೋ ತೆಗೆಯಲು ಹೋಗುವುದಾದರೆ ಬೇರೆ ಮಾತು. ಇನ್ನೊಂದು, ಪಾಠದ ಹೊತ್ತಿನಲ್ಲಿ ಅವನು ಮಕ್ಕಳ ಕಾಲು ನೋಡುತ್ತಾನೋ, ಮುಂದಿನ ಗಿರಾಕಿಯನ್ನೋ? ಹತ್ತು ನಿಮಿಷ ದೂರ ನಿಂತು ಗಮನಿಸಿ.

ಪ್ರಶ್ನೆ: ಸ್ನೋಬೋರ್ಡಿಗೂ ಅದೇ ಮಾಷ್ಟ್ರು ಸಾಕಾ?
– ಒಬ್ಬ ಕಾಲೇಜು ವಿದ್ಯಾರ್ಥಿ, ಮಂಜೇಶ್ವರ

ಉತ್ತರ: ಸಾಲದು. ಎರಡೂ ಕಾಲು ಒಂದೇ ಹಲಗೆಗೆ ಕಟ್ಟಿರುತ್ತದೆ, ಬಿದ್ದರೂ ಕಳಚುವುದಿಲ್ಲ. ಹೊಸಬರು ಅಂಗೈ ಊರಿ ಮಣಿಕಟ್ಟು ಮುರಿದುಕೊಳ್ಳುವುದು ಜಾಸ್ತಿ. ಸ್ನೋಬೋರ್ಡನ್ನೇ ಕಲಿಸುವವನ ಹತ್ತಿರ ಹೋಗಿ. ಯಾವ ಕಾಲು ಮುಂದೆ ಅಂತ ಅವನು ಮೊದಲೇ ಕೇಳಬೇಕು. ಮಣಿಕಟ್ಟಿನ ಗಾರ್ಡ್ ಇಲ್ಲಿಂದಲೇ ತೆಗೆದುಕೊಂಡು ಹೋಗಿ.