ಮೃದಂಗದ ಏರಿಳಿತವನ್ನು ಸಿಂಥ್ ಅನುಸರಿಸುವಂತೆ ಮಾಡುವುದು ಹೇಗೆ?

ಪ್ರಶ್ನೆ: ಕೋಡ್ ಬರೆದು ಸದ್ದು ಕಟ್ಟುವ ಸೂಪರ್‌ಕೊಲೈಡರ್ ಎಂಬ ತಂತ್ರಾಂಶದಲ್ಲಿ ಮೃದಂಗದ ಒಂದು ಸ್ಯಾಂಪಲ್ (ಮುದ್ರಿಸಿಕೊಂಡ ತುಣುಕು) ನುಡಿಸುತ್ತಿದ್ದೇನೆ. ಅದರ ಸದ್ದು ಏರಿದಾಗ ಸಿಂಥ್‌ನ (ತಂತ್ರಾಂಶವೇ ಹುಟ್ಟಿಸುವ ಸ್ವರದ) ಸದ್ದೂ ಏರಬೇಕು, ಇಳಿದಾಗ ಇಳಿಯಬೇಕು. ಸ್ಯಾಂಪಲ್‌ನ ಆಂಪ್ಲಿಟ್ಯೂಡ್ (ಸದ್ದಿನ ಮಟ್ಟ) ಅಳೆದು, ಎನ್ವಲಪ್ ಅಂದರೆ ಸದ್ದಿನ ಏರಿಳಿತದ ಆಕಾರವನ್ನು ಹುಟ್ಟಿಸುವ ಎನ್ವ್‌ಜೆನ್‌ನ ಅಟ್ಯಾಕ್ (ಏರುವ ಅವಧಿ), ಡಿಕೇ (ಇಳಿಯುವ ಅವಧಿ) ಮೌಲ್ಯಗಳಿಗೆ ಕೊಟ್ಟರೂ ಸಿಂಥ್ ತನ್ನ ಪಾಡಿಗೆ ತಾನು ನುಡಿಯುತ್ತದೆ. ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ಅಳತೆ ಸರಿಯಾಗಿಯೇ ಇದೆ, ಅದನ್ನು ಕೊಟ್ಟ ಜಾಗ ತಪ್ಪಾಗಿದೆ. ಎನ್ವ್‌ಜೆನ್ ತನ್ನ ಮಟ್ಟಗಳನ್ನೂ ಅವಧಿಗಳನ್ನೂ ಆಯಾ ಹಂತ ಆರಂಭವಾಗುವ ಕ್ಷಣದಲ್ಲಿ ಮಾತ್ರ ಓದಿಕೊಳ್ಳುತ್ತದೆಯಾದ್ದರಿಂದ, ಹಂತದ ನಡುವೆ ನಿಮ್ಮ ಮೃದಂಗ ಎಷ್ಟೇ ಏರಿಳಿದರೂ ಅದು ಗಮನಿಸುವುದಿಲ್ಲ. ನಿಮಗೆ ಬೇಕಾದ ಎನ್ವಲಪ್ ಸ್ಯಾಂಪಲ್‌ನೊಳಗೇ ಇದೆ. ಇನ್ನೊಂದನ್ನು ಕಟ್ಟುವ ಅಗತ್ಯವಿಲ್ಲ. ಎನ್ವ್‌ಜೆನ್ ಅನ್ನು ತೆಗೆದುಹಾಕಿ, ಸ್ಯಾಂಪಲ್ ನುಡಿಸುವ ಪ್ಲೇಬಫ್‌ನ ಸಂಕೇತವನ್ನು ಆಂಪ್ಲಿಟ್ಯೂಡ್ ಎಂಬ ಯೂಜೆನ್‌ಗೆ (ಸೂಪರ್‌ಕೊಲೈಡರ್‌ನಲ್ಲಿ ಸಂಕೇತ ಹುಟ್ಟಿಸುವ ಇಲ್ಲವೇ ಸಂಸ್ಕರಿಸುವ ಘಟಕ) ಕೊಟ್ಟು, ಅದರಿಂದ ಬಂದ ಮೌಲ್ಯವನ್ನು ನೇರವಾಗಿ ಸಿಂಥ್‌ನ ಸ್ವರ ಹುಟ್ಟಿಸುವ ಆಸಿಲೇಟರ್‌ನೊಂದಿಗೆ ಗುಣಿಸಿ. 1930ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಹೋಮರ್ ಡಡ್ಲಿ ರೂಪಿಸಿದ, ಮಾತನ್ನು ವಿಶ್ಲೇಷಿಸಿ ಮತ್ತೆ ಕಟ್ಟುವ ವೋಕೋಡರ್‌ನ ಒಳಗೂ, ಒಂದೊಂದು ಆವರ್ತನ ಪಟ್ಟಿಗೆ ಒಂದರಂತೆ, ಇದೇ ಕೆಲಸ ನಡೆಯುತ್ತದೆ.

ಇಷ್ಟು ಮಾಡಿದ ಮೇಲೆ ಸಿಂಥ್ ಮೃದಂಗವನ್ನು ಅನುಸರಿಸುತ್ತದೆ, ಆದರೆ ಬಹುಶಃ ಗೊರಗೊರ ಎನ್ನುತ್ತದೆ. ಆಂಪ್ಲಿಟ್ಯೂಡ್ ಯೂಜೆನ್‌ನ ಅಟ್ಯಾಕ್ (ಏರಿಕೆಗೆ ಸ್ಪಂದಿಸುವ ಅವಧಿ) ಮತ್ತು ರಿಲೀಸ್ (ಇಳಿಕೆಗೆ ಸ್ಪಂದಿಸುವ ಅವಧಿ) ಎರಡೂ ಮೂಲತಃ 0.01 ಸೆಕೆಂಡಿಗೆ ಹೊಂದಿಸಲ್ಪಟ್ಟಿರುವುದೇ ಇದಕ್ಕೆ ಕಾರಣ. 100 ಹರ್ಟ್ಸ್‌ನ ಸ್ವರವೊಂದು 5 ಮಿಲಿಸೆಕೆಂಡಿಗೊಮ್ಮೆ ಶೂನ್ಯವನ್ನು ದಾಟುತ್ತದೆ. ರಿಲೀಸ್ ಅಷ್ಟು ಚುರುಕಾಗಿದ್ದರೆ ಅನುಸರಣೆಯು ಪೆಟ್ಟಿನ ಒಟ್ಟಾರೆ ಆಕಾರವನ್ನು ಬಿಟ್ಟು ಅಲೆಯ ಒಂದೊಂದು ಉಬ್ಬನ್ನೂ ಹಿಂಬಾಲಿಸತೊಡಗುತ್ತದೆ, ಆ ನಡುಕವೇ ನಿಮ್ಮ ಸಿಂಥ್‌ನ ಮೇಲೆ ಒರಟು ದನಿಯಾಗಿ ಕೂರುತ್ತದೆ. ರಿಲೀಸ್ ಅನ್ನು 0.1ರಿಂದ 0.15ರವರೆಗೆ ಏರಿಸಿ ನೋಡಿ. ಅಟ್ಯಾಕ್ ಅನ್ನು ಮಾತ್ರ ಏರಿಸಬೇಡಿ: ಪೆಟ್ಟಿನ ಮೊನೆ ಮೊಂಡಾದರೆ ಮೃದಂಗದ ಗುಣವೇ ಹೋಗುತ್ತದೆ. ವೇಗದ ನಡೆಯಲ್ಲಿ ಪೆಟ್ಟುಗಳು ಒಂದಕ್ಕೊಂದು ಅಂಟಿಕೊಂಡಂತೆ ಕೇಳಿಸಿದರೆ ರಿಲೀಸ್ ಸ್ವಲ್ಪ ಇಳಿಸಬೇಕಾಗುತ್ತದೆ. ಇಲ್ಲಿ ಸೂತ್ರಕ್ಕಿಂತ ಕಿವಿಯನ್ನು ನಂಬುವುದೇ ಮೇಲು.

ಇದೇ ಮೌಲ್ಯದಿಂದ ಫಿಲ್ಟರ್‌ನ ಕಟಾಫ್ ಅನ್ನು (ಫಿಲ್ಟರ್ ಸದ್ದನ್ನು ತಡೆಯತೊಡಗುವ ಆವರ್ತನವನ್ನು) ನಡೆಸುವ ಆಸೆಯಿದ್ದರೆ ಮೊದಲು ಅದನ್ನು ಡೆಸಿಬೆಲ್‌ಗೆ ಬದಲಿಸಿಕೊಳ್ಳಿ. ಆಂಪ್ಲಿಟ್ಯೂಡ್ ಕೊಡುವುದು ರೇಖೀಯ ಮೌಲ್ಯ, ಅದರಲ್ಲಿ 0.1 ಎಂದರೆ ಮೈನಸ್ 20 ಡೆಸಿಬೆಲ್, 0.001 ಎಂದರೆ ಮೈನಸ್ 60. ರೇಖೀಯವಾಗಿಯೇ ಬಿಟ್ಟರೆ ಗಟ್ಟಿ ಪೆಟ್ಟುಗಳಿಗೆ ಮಾತ್ರ ಫಿಲ್ಟರ್ ತೆರೆದು, ಮೆಲ್ಲನೆಯ ಪೆಟ್ಟುಗಳೆಲ್ಲ ತಳದಲ್ಲೇ ಉಳಿಯುತ್ತವೆ.

ಪ್ರತಿ ಪೆಟ್ಟಿಗೂ ನೀವೇ ರೂಪಿಸಿದ ಎನ್ವಲಪ್ ಹೊಸದಾಗಿ ಆರಂಭವಾಗಬೇಕೆಂದಿದ್ದರೆ ಆಗ ಎನ್ವ್‌ಜೆನ್ ಬೇಕಾಗುತ್ತದೆ, ಆದರೆ ಅದಕ್ಕೆ ಕೊಡಬೇಕಾದ್ದು ಗೇಟ್, ಅಂದರೆ ಸದ್ದು ಒಂದು ಮಿತಿ ದಾಟಿದಾಗ ತೆರೆದು, ಇಳಿದಾಗ ಮುಚ್ಚುವ ಸಂಕೇತ. ಒಂದೇ ಮಿತಿಯನ್ನಿಟ್ಟರೆ ಸದ್ದು ಅದರ ಸುತ್ತ ತೂಗಾಡಿದಾಗಲೆಲ್ಲ ಗೇಟ್ ತೆರೆದು ಮುಚ್ಚುವುದರಿಂದ, ಶ್ಮಿಟ್ ಯೂಜೆನ್ ಬಳಸಿ ತೆರೆಯಲು 0.15, ಮುಚ್ಚಲು 0.05 ಎಂಬಂತೆ ಎರಡು ಮಿತಿಗಳನ್ನು ಇಡಿ.

ಕೊನೆಯದಾಗಿ, ಅನುಸರಣೆಯು ಯಾವಾಗಲೂ ಮೂಲಕ್ಕಿಂತ ಕೆಲವು ಮಿಲಿಸೆಕೆಂಡು ಹಿಂದೆ ಬೀಳುತ್ತದೆ. ನೇರ ನುಡಿಸಾಣಿಕೆಯಲ್ಲಿ ಇದಕ್ಕೆ ಮದ್ದಿಲ್ಲ. ನಿಮ್ಮದು ಮುದ್ರಿತ ಸ್ಯಾಂಪಲ್ ಆಗಿರುವುದರಿಂದ, ಅಳತೆಯನ್ನು ಮೂಲ ಸಂಕೇತದಿಂದಲೇ ತೆಗೆದುಕೊಂಡು, ಕೇಳುಗರಿಗೆ ಹೋಗುವ ಮೃದಂಗವನ್ನು ಮಾತ್ರ ಡಿಲೇಎನ್ ಎಂಬ ಯೂಜೆನ್ ಮೂಲಕ ಸುಮಾರು 10 ಮಿಲಿಸೆಕೆಂಡು ತಡವಾಗಿ ಹೊರಡಿಸಿದರೆ ಎರಡೂ ಒಟ್ಟಿಗೆ ಬೀಳುತ್ತವೆ.