ಓಡುವವರು ಭಾರ ಎತ್ತಬೇಕೇ? ಬೇಕು, ಅದೂ ನಿಜವಾದ ಭಾರ

ವಯಸ್ಸು ನಲವತ್ತರ ಹತ್ತಿರ, ವಾರಕ್ಕೆ ನಾಲ್ಕು ದಿನ ಓಟ, 10 ಕಿಲೋಮೀಟರನ್ನು ಒಂದು ಗಂಟೆಯೊಳಗೆ ಮುಗಿಸುವ ಆಸೆ, ಓಟ ಹೆಚ್ಚಿಸಿದಾಗಲೆಲ್ಲ ಮಂಡಿಯ ಸುತ್ತ ನೋವು ಎಂದು ಬರೆದಿದ್ದೀರಿ. ಜಿಮ್‌ಗೆ ಹೋದರೆ ಮೈ ದಪ್ಪವಾಗಿ ವೇಗ ಕುಗ್ಗುತ್ತದೆ ಎಂದು ಜೊತೆಯವರು ಹೆದರಿಸಿದ್ದಾರೆ. ಮನೆಯಲ್ಲೇ ದಿನಕ್ಕೆ ನೂರು ಬಸ್ಕಿ ಹೊಡೆದರೆ ಸಾಲದೇ ಎಂಬುದು ನಿಮ್ಮ ಪ್ರಶ್ನೆ.

ಸಾಲದು. ಒಂದು ಗಂಟೆಯ ಓಟದಲ್ಲಿ ಸುಮಾರು ಹತ್ತು ಸಾವಿರ ಹೆಜ್ಜೆ ಬೀಳುತ್ತವೆ. ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲವನ್ನು ಒಂದೇ ಕಾಲು ಹೊರಬೇಕು. ಒಂದೇ ಚಲನೆಯನ್ನು ಸಾವಿರಾರು ಬಾರಿ ಮಾಡುವ ಅಭ್ಯಾಸವನ್ನು ಓಟವೇ ನಿಮಗೆ ಕೊಡುತ್ತಿದೆ. ಅದರ ಮೇಲೆ ಇನ್ನೂ ನೂರು ಸೇರಿಸಿ ಪ್ರಯೋಜನ ಕಡಿಮೆ. ಓಟ ಕೊಡದಿರುವುದು ಭಾರವನ್ನು. ಐದಾರು ಬಾರಿ ಎತ್ತಿದ ಮೇಲೆ ಇನ್ನೊಂದೆರಡಕ್ಕಿಂತ ಹೆಚ್ಚು ಆಗದು ಅನ್ನಿಸಬೇಕು, ಅಂಥ ಭಾರ. ನಾನು ಮೈಸೂರಿನವನು, ಗರಡಿಯ ದಂಡ, ಬಸ್ಕಿಗಳ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ನೂರಾರು ಬಸ್ಕಿ ದಮ್ಮು ಕಟ್ಟುವ ಸಾಧನೆ, ಮತ್ತು ನಿಮ್ಮ ದಮ್ಮನ್ನು ಓಟ ನೋಡಿಕೊಳ್ಳುತ್ತದೆ. ಅದೇ ಗರಡಿಯಲ್ಲಿ ಗದೆಯೂ ಇರುತ್ತದೆ, ಊರ ಜಾತ್ರೆಗಳಲ್ಲಿ ಗುಂಡುಕಲ್ಲು ಎತ್ತುವ ಸ್ಪರ್ಧೆಯೂ ನಡೆಯುತ್ತದೆ. ಓಟಗಾರರು ಕಲಿಯಬೇಕಾದದ್ದು ಆ ಕಡೆಯಿಂದ.

ದಪ್ಪವಾಗುವ ಭಯವನ್ನು ಬಿಟ್ಟುಬಿಡಿ. 2008ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನವೊಂದರಲ್ಲಿ ಓಟಗಾರರು ಎಂಟು ವಾರ, ವಾರಕ್ಕೆ ಮೂರು ದಿನ, ಹೆಗಲ ಮೇಲೆ ಬಾರ್ಬೆಲ್ ಹೊತ್ತು ಅರ್ಧ ಬಸ್ಕಿ ಮಾಡಿದರು. ಒಂದು ಸುತ್ತಿಗೆ ನಾಲ್ಕೇ ಬಾರಿ, ಅಂಥ ನಾಲ್ಕು ಸುತ್ತು. ಮೊದಲಿನ ವೇಗದಲ್ಲೇ ಓಡಲು ಅವರಿಗೆ ಬೇಕಾದ ಆಮ್ಲಜನಕ ಸುಮಾರು ಶೇಕಡ 5ರಷ್ಟು ಇಳಿಯಿತು, ಮೈತೂಕ ಮಾತ್ರ ಏರಲಿಲ್ಲ. ಫಿನ್ಲೆಂಡಿನಲ್ಲಿ 1999ರಲ್ಲಿ ಓಟಗಾರರ ತರಬೇತಿಯ ಮೂರನೇ ಒಂದು ಭಾಗವನ್ನು ಒಂಬತ್ತು ವಾರ ಜಿಗಿತ, ವೇಗದ ಓಟ ಮತ್ತು ಚುರುಕಾದ ಭಾರ ಎತ್ತುವಿಕೆಗೆ ಮೀಸಲಿಟ್ಟಾಗ 5 ಕಿಲೋಮೀಟರ್ ಓಟದ ಸಮಯ ಇಳಿಯಿತು. ಅದೂ ಆಮ್ಲಜನಕ ಹೀರುವ ಗರಿಷ್ಠ ಸಾಮರ್ಥ್ಯ ಏರದೆಯೇ. ಭಾರ ಹೊತ್ತ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು, ಗಟ್ಟಿಯಾದ ಸ್ಪ್ರಿಂಗಿನಂತೆ ನೆಲದ ಪೆಟ್ಟನ್ನು ಹಿಡಿದು ಹಿಂದಿರುಗಿಸುತ್ತದೆ, ಪಾದ ನೆಲದ ಮೇಲೆ ನಿಲ್ಲುವ ಹೊತ್ತು ಕಡಿಮೆಯಾಗುತ್ತದೆ.

ಈಗ ಓಟಗಾರರು ಬಹುತೇಕ ಮರೆಯುವ ಜಾಗಕ್ಕೆ ಬರುತ್ತೇನೆ: ಮೀನಖಂಡ. ತೊಡೆಗೆ ಎಲ್ಲರೂ ಕಸರತ್ತು ಮಾಡುತ್ತಾರೆ, ಇದನ್ನು ಕೇಳುವವರಿಲ್ಲ. ಹೊರಗೆ ಉಬ್ಬಿ ಕಾಣುವ ಸ್ನಾಯುವಿನ ಅಡಿಯಲ್ಲಿ ಸೋಲಿಯಸ್ ಎಂಬ ಅಗಲವಾದ ಇನ್ನೊಂದು ಸ್ನಾಯುವಿದೆ. ಓಡುವಾಗ ಇದರ ಮೇಲೆ ಬೀಳುವ ಹೊರೆ ದೇಹದ ತೂಕದ ಆರು ಪಟ್ಟನ್ನೂ ಮೀರುತ್ತದೆ. ಮೇಲಿನ ಸ್ನಾಯು ಮಂಡಿಯನ್ನು ದಾಟಿ ತೊಡೆಯೆಲುಬಿಗೆ ಅಂಟಿಕೊಂಡಿದೆ, ಸೋಲಿಯಸ್ ಮಂಡಿಯ ಕೆಳಗೇ ನಿಲ್ಲುತ್ತದೆ. ಆದ್ದರಿಂದ ಮಂಡಿ ಮಡಿಸಿದಾಗ ಮೇಲಿನದು ಸಡಿಲವಾಗಿ ಹೆಚ್ಚಿನ ಹೊರೆ ಸೋಲಿಯಸ್ ಕಡೆಗೆ ಸರಿಯುತ್ತದೆ. ಮೆಟ್ಟಿಲಿನ ಅಂಚಿನಲ್ಲಿ ಒಂದೇ ಪಾದದ ಮುಂಭಾಗ ಊರಿ, ಕಂಬಿ ಹಿಡಿದು, ಮಂಡಿಯನ್ನು ಸ್ವಲ್ಪ ಮಡಿಸಿಕೊಂಡೇ ಹಿಮ್ಮಡಿಯನ್ನು ಪೂರ್ತಿ ಮೇಲೆತ್ತಿ. ಒಂದು ಕ್ಷಣ ನಿಲ್ಲಿ. ಮೂರು ಎಣಿಸುತ್ತಾ ಮೆಟ್ಟಿಲಿನ ಮಟ್ಟಕ್ಕಿಂತ ಕೆಳಗೆ ಇಳಿಸಿ. ಕುಪ್ಪಳಿಸಿ ಮೇಲೇಳಬೇಡಿ, ಹೆಬ್ಬೆರಳಿನ ಬುಡದ ಒತ್ತು ತಪ್ಪಿ ಪಾದ ಹೊರಕ್ಕೆ ವಾಲದಂತೆ ನೋಡಿಕೊಳ್ಳಿ. ಹನ್ನೆರಡು ಬಾರಿ ಸಲೀಸಾದ ಮೇಲೆ ಬೆನ್ನಿನ ಚೀಲಕ್ಕೆ ಐದು ಕಿಲೋ ಅಕ್ಕಿ ಹಾಕಿ, ಮುಂದೆ ಹತ್ತು. ಮಂಡಿ ನೆಟ್ಟಗಿಟ್ಟು ಇನ್ನೆರಡು ಸುತ್ತು ಮಾಡಿ. ಸ್ವೀಡನ್ನಿನ ವೈದ್ಯ ಹಾಕನ್ ಆಲ್ಫ್ರೆಡ್‌ಸನ್ 1998ರಲ್ಲಿ ಹಿಮ್ಮಡಿಯ ಸ್ನಾಯುರಜ್ಜು ನೋಯುತ್ತಿದ್ದ ಓಟಗಾರರಿಗೆ ಕೊಟ್ಟದ್ದು ಹೀಗೆ ಹಿಮ್ಮಡಿ ಇಳಿಸುವ ಕಸರತ್ತನ್ನೇ. ಹನ್ನೆರಡು ವಾರಗಳಲ್ಲಿ ಅವರು ಮತ್ತೆ ಓಡತೊಡಗಿದರು.

ಮಂಡಿಯ ವಿಷಯಕ್ಕೆ ಇಳಿಯುವ ಚಲನೆಯೇ ಮುಖ್ಯ. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಏರುವಾಗ ದಮ್ಮು ಕಟ್ಟುತ್ತದೆ, ಆದರೆ ಮರುದಿನ ತೊಡೆಯ ಮುಂಭಾಗ ಹಿಡಿದುಕೊಳ್ಳುವುದು ಇಳಿದದ್ದರಿಂದ. ಆಗ ಸ್ನಾಯು ಉದ್ದವಾಗುತ್ತಲೇ ಮೈಭಾರವನ್ನು ತಡೆಯಬೇಕು. ಇದನ್ನು ಗಿಡ್ಡ ಸ್ಟೂಲು ಅಥವಾ ಮೆಟ್ಟಿಲಿನ ಮೇಲೆ ಅಭ್ಯಾಸ ಮಾಡಿ: ಒಂದು ಕಾಲಿನ ಮೇಲೆ ನಿಂತು ಇನ್ನೊಂದರ ಹಿಮ್ಮಡಿ ನೆಲಕ್ಕೆ ತಾಗುವವರೆಗೆ ನಿಧಾನವಾಗಿ ಇಳಿಯಿರಿ, ಮಂಡಿ ಒಳಗೆ ಬಾಗದಿರಲಿ. ಇದರ ಜೊತೆಗೆ ಸೊಂಟದಿಂದ ಬಾಗಿ ಭಾರ ಎತ್ತುವ ಡೆಡ್‌ಲಿಫ್ಟ್ ಬೇಕು, ತೊಡೆಯ ಹಿಂಭಾಗಕ್ಕೆ. ಜಿಮ್ ಇಲ್ಲದಿದ್ದರೆ ತುಂಬಿದ 20 ಲೀಟರ್ ನೀರಿನ ಕ್ಯಾನ್ ಆರಂಭಕ್ಕೆ ಸಾಕು, ಬೆನ್ನು ನೆಟ್ಟಗಿರಲಿ. ಕೆಲವೇ ತಿಂಗಳಲ್ಲಿ ಅದು ಹಗುರವಾಗುತ್ತದೆ, ಆಗ ಜಿಮ್ ಅನಿವಾರ್ಯ. ಅಲ್ಲಿ ಎದೆಗೊಂದು ದಿನ, ತೋಳಿಗೊಂದು ದಿನ ಎಂದು ಹಂಚಿಕೊಡುತ್ತಾರೆ. ನಾನು ಓಡುವವನು, ನನಗೆ ಕಾಲು ಮತ್ತು ಸೊಂಟ ಬೇಕು ಎಂದು ಮೊದಲೇ ಹೇಳಿ.

ವಾರಕ್ಕೆ ಎರಡು ದಿನ, ಮುಕ್ಕಾಲು ಗಂಟೆ. ವೇಗದ ಓಟವಿರುವ ದಿನವೇ, ಬೆಳಿಗ್ಗೆ ಓಡಿ ಸಂಜೆ ಭಾರ ಎತ್ತಿದರೆ ಮರುದಿನ ನಿಜವಾದ ವಿಶ್ರಾಂತಿ ಸಿಗುತ್ತದೆ. ಉದ್ದ ಓಟದ ಹಿಂದಿನ ದಿನ ಬೇಡವೇ ಬೇಡ. ಮೊದಲ ಎರಡು ಮೂರು ವಾರ ಕಾಲು ಭಾರವೆನಿಸಿ ಓಟ ನಿಧಾನವಾಗುತ್ತದೆ, ಬಹಳ ಜನ ಇಲ್ಲೇ ಬಿಟ್ಟುಬಿಡುತ್ತಾರೆ, ದಯವಿಟ್ಟು ಬಿಡಬೇಡಿ. ಮಾಡುವಾಗ ಸಣ್ಣ ನೋವಿದ್ದು ಮರುದಿನ ಬೆಳಿಗ್ಗೆಗೆ ಇಳಿದರೆ ಮುಂದುವರಿಸಬಹುದು. ಮಂಡಿ ಊದಿಕೊಂಡರೆ, ಸಿಕ್ಕಿಹಾಕಿಕೊಂಡಂತೆ ಆದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಮೊದಲು ಮೂಳೆ ವೈದ್ಯರಿಗೆ ತೋರಿಸಿ, ಭಾರ ಆಮೇಲೆ. ಸ್ಪರ್ಧೆಗೆ ಒಂದು ವಾರವಿರುವಾಗ ಸುತ್ತುಗಳನ್ನು ಅರ್ಧಕ್ಕೆ ಇಳಿಸಿ, ಕೊನೆಯ ನಾಲ್ಕು ದಿನ ಭಾರ ಮುಟ್ಟಬೇಡಿ.